ಕಥಾಸಾಹಿತ್ಯದಲ್ಲಿ ಮನೆ ಬಿಟ್ಟ ಮಕ್ಕಳ ಆಶ್ರಯದಾತರು

ಮನೆ ಬಿಟ್ಟು ಬಂದ ಬಾಲಕ ಅಥವಾ ಬಾಲಕಿಗೆ ಹೆತ್ತವರಲ್ಲದ ವಯಸ್ಕರೊಬ್ಬರು ಆಶ್ರಯ ನೀಡುವುದು ಹಲವು ಭಾಷೆಗಳ ಕಾದಂಬರಿ, ಸಣ್ಣಕತೆ ಹಾಗೂ ಚಲನಚಿತ್ರಗಳಲ್ಲಿ ಮರಳಿ ಮರಳಿ ಬರುವ ಕಥಾವಸ್ತುವಾಗಿದೆ. ಇಂತಹ ಕೃತಿಗಳಲ್ಲಿ ಮಗು ಏಕೆ ಓಡಿತು ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ, ಬಾಗಿಲು ತೆರೆದವರು ಏಕೆ ತೆರೆದರು ಎಂಬುದು. ಅನ್ನ ಮತ್ತು ಹಾಸಿಗೆಯನ್ನು ಕರುಣಾಳುವೂ ಕೊಡುತ್ತಾನೆ, ಶೋಷಕನೂ ಕೊಡುತ್ತಾನೆ. ಆದ್ದರಿಂದ ಮೊದಲ ರಾತ್ರಿಯ ಉಪಕಾರದಿಂದ ಆಶ್ರಯದಾತರ ಗುಣ ತಿಳಿಯುವುದಿಲ್ಲ. ಆಶ್ರಯಕ್ಕೆ ಅವರು ಕೇಳುವ ಬೆಲೆ, ಮಗುವಿನ ಮಾತಿಗೆ ಕೊಡುವ ಮನ್ನಣೆ ಮತ್ತು ಹೊರಗಿನವರಿಂದ ಮುಚ್ಚಿಡುವ ಸಂಗತಿಗಳಿಂದ ಅದು ತಿಳಿಯುತ್ತದೆ.

ಆಶ್ರಯದಾತರ ಉದ್ದೇಶಗಳು

ಲಾಭ: ಚಾರ್ಲ್ಸ್ ಡಿಕನ್ಸ್‌ನ 'ಆಲಿವರ್ ಟ್ವಿಸ್ಟ್' (1837–39) ಕಾದಂಬರಿಯಲ್ಲಿ ಲಂಡನ್ನಿನತ್ತ ಓಡಿಬಂದ ಹಸಿದ ಬಾಲಕನಿಗೆ ಊಟ ಮತ್ತು ಮಲಗಲು ಜಾಗ ದೊರೆಯುವುದು ಫೇಗಿನ್‌ನ ಬಳಿ. ಫೇಗಿನ್ ಮಕ್ಕಳಿಗೆ ಜೇಬುಗಳ್ಳತನ ಕಲಿಸಿ ಅವರ ಸಂಪಾದನೆಯಿಂದ ಬದುಕುವವನು. ಅವನ ಮನೆಯಲ್ಲಿ ನಗು, ಆಟ, ಬಿಸಿಯೂಟ ಎಲ್ಲವೂ ಇವೆ. ಇಲ್ಲದಿರುವುದು ಹೊರಹೋಗುವ ಸ್ವಾತಂತ್ರ್ಯ ಮಾತ್ರ. ಆಶ್ರಯವೇ ಬಲೆಯಾಗುವ ಬಗೆಗೆ ಇದು ಪ್ರಸಿದ್ಧ ಉದಾಹರಣೆ.

ಕರ್ತವ್ಯಪ್ರಜ್ಞೆ: ಡಿಕನ್ಸ್‌ನದೇ ಆದ 'ಡೇವಿಡ್ ಕಾಪರ್‌ಫೀಲ್ಡ್' (1849–50) ಇದಕ್ಕೆ ವಿರುದ್ಧವಾದ ಚಿತ್ರವನ್ನು ಕೊಡುತ್ತದೆ. ಮಲತಂದೆ ದುಡಿಮೆಗೆ ಹಚ್ಚಿದ ಗೋದಾಮಿನಿಂದ ಓಡಿ ಡೋವರ್‌ಗೆ ಬಂದ ಡೇವಿಡ್‌ನನ್ನು ತಂದೆಯ ಕಡೆಯ ಬಂಧುವಾದ ಬೆಟ್ಸಿ ಟ್ರಾಟ್‌ವುಡ್ ಒಳಗೆ ಕರೆದುಕೊಳ್ಳುತ್ತಾಳೆ. ಹುಟ್ಟಿದ ಮಗು ಹೆಣ್ಣಲ್ಲವೆಂದು ಮುನಿಸಿಕೊಂಡು ಹಿಂದೆ ಆ ಮನೆಯಿಂದ ಹೊರನಡೆದವಳು ಇವಳೇ. ಆಕೆ ಬಾಲಕನನ್ನು ಬಚ್ಚಿಡುವುದಿಲ್ಲ. ಮಲತಂದೆಗೆ ಪತ್ರ ಬರೆದು, ಅವನನ್ನು ಎದುರಿಗೆ ಕೂರಿಸಿಕೊಂಡು ಅವನ ವಾದವನ್ನು ಕೇಳಿ, ಬಳಿಕ ಹೋಗಲು ಇಷ್ಟವಿದೆಯೇ ಎಂದು ಡೇವಿಡ್‌ನನ್ನೇ ಕೇಳುತ್ತಾಳೆ. ಉಳಿಸಿಕೊಳ್ಳುವ ತೀರ್ಮಾನ ಎಲ್ಲರ ಸಮಕ್ಷಮದಲ್ಲಿ ಆಗುತ್ತದೆ.

ವಾತ್ಸಲ್ಯ ಮತ್ತು ಒಡೆತನ: ರವೀಂದ್ರನಾಥ ಠಾಕೂರರ ಬಂಗಾಳಿ ಸಣ್ಣಕತೆ 'ಅತಿಥಿ' (1895) ಹೆಚ್ಚು ಸೂಕ್ಷ್ಮವಾದ ಸಂದರ್ಭವನ್ನು ಕಾಣಿಸುತ್ತದೆ. ಎಲ್ಲಿಯೂ ನೆಲೆ ನಿಲ್ಲದ ಹದಿಹರೆಯದ ತಾರಾಪದನನ್ನು ಜಮೀನ್ದಾರ ಮತಿಲಾಲ ಬಾಬು ದೋಣಿಗೆ ಹತ್ತಿಸಿಕೊಂಡು, ತನ್ನ ಮನೆಗೆ ಕರೆತಂದು ಓದಿಸುತ್ತಾನೆ. ಪ್ರೀತಿ ನಿಜವಾದದ್ದೇ. ಆದರೆ ಕ್ರಮೇಣ ಅದು ಮಗಳು ಚಾರುಶಶಿಗೆ ಅವನನ್ನು ವರನನ್ನಾಗಿಸುವ ಯೋಜನೆಯಾಗುತ್ತದೆ. ಮದುವೆಗೆ ಮುನ್ನ ತಾರಾಪದ ಹೊರಟುಹೋಗುತ್ತಾನೆ. ಕೇಡು ಬಯಸದ ಆಶ್ರಯದಾತರೂ ಮಗುವಿನ ಇಚ್ಛೆಯನ್ನು ಕೇಳದೆ ಅದರ ಬದುಕನ್ನು ನಿರ್ಧರಿಸಬಲ್ಲರೆಂಬುದನ್ನು ಈ ಕತೆ ತೋರಿಸುತ್ತದೆ.

ನೈತಿಕ ಪ್ರಶ್ನೆಗಳು

ಗುಟ್ಟು ಕಾಯುವುದು: ಸೂ ಮಾಂಕ್ ಕಿಡ್‌ರ 'ದಿ ಸೀಕ್ರೆಟ್ ಲೈಫ್ ಆಫ್ ಬೀಸ್' (2001) ಕಾದಂಬರಿ 1964ರ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ನಡೆಯುತ್ತದೆ. ಕ್ರೂರ ತಂದೆಯಿಂದ ತಪ್ಪಿಸಿಕೊಂಡ 14 ವರ್ಷದ ಲಿಲಿಗೆ ಜೇನುಸಾಕಣೆ ಮಾಡುವ ಕಪ್ಪು ಮಹಿಳೆ ಆಗಸ್ಟ್ ಬೋಟ್‌ರೈಟ್ ಆಶ್ರಯ ಕೊಡುತ್ತಾಳೆ. ಲಿಲಿ ಹೇಳುವ ಸುಳ್ಳುಗಳು ಆಗಸ್ಟ್‌ಗೆ ತಿಳಿದಿವೆ. ಆದರೂ ಆಕೆ ತಾನಾಗಿ ಮಾತಾಡುವವರೆಗೆ ಕಾಯುತ್ತಾಳೆ. ತಂದೆಗೆ ತಿಳಿಸಿದರೆ ಮಗುವನ್ನು ಅಪಾಯಕ್ಕೆ ಮರಳಿಸಿದಂತಾಗುತ್ತದೆ. ತಿಳಿಸದಿದ್ದರೆ ಆಶ್ರಯದಾತರ ಮೇಲೆಯೇ ಆಪಾದನೆ ಬರಬಹುದು. ಈ ಇಕ್ಕಟ್ಟು ಇಂತಹ ಹಲವು ಕೃತಿಗಳಲ್ಲಿ ಕಾಣುತ್ತದೆ.

ಅಧಿಕಾರದ ಅಸಮಾನತೆ: ಹೋಗಲು ಬೇರೆ ಜಾಗವಿಲ್ಲದ ಮಗುವಿನ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆಯೆಂದು ಪರಿಗಣಿಸುವುದು ಕಷ್ಟ. ಜಪಾನಿನ ಶಿಮೆಸಾಬಾ ಬರೆದ 'ಹಿಗೆಹಿರೊ' ಲಘುಕಾದಂಬರಿ ಸರಣಿ (2021ರಲ್ಲಿ ಆನಿಮೆಯಾಗಿ ಪ್ರಸಾರವಾಯಿತು) ಇದನ್ನೇ ಕೇಂದ್ರವಾಗಿಸಿಕೊಂಡಿದೆ. ಆಶ್ರಯಕ್ಕಾಗಿ ಈ ಹಿಂದೆ ಶೋಷಣೆಗೊಳಗಾದ ಪ್ರೌಢಶಾಲಾ ಬಾಲಕಿ ಸಾಯುವಿಗೆ ಕಚೇರಿ ನೌಕರ ಯೋಶಿದಾ ಇರಲು ಜಾಗ ಕೊಡುತ್ತಾನೆ. ಅಂತಹ ಬೆಲೆಯನ್ನು ದೃಢವಾಗಿ ನಿರಾಕರಿಸಿ, ಮನೆಗೆಲಸದಲ್ಲಿ ನೆರವಾಗಲು ಮಾತ್ರ ಹೇಳುತ್ತಾನೆ. ಕೊನೆಗೆ ಆಕೆಯೊಂದಿಗೆ ಹೊಕ್ಕೈದೊಗೆ ಹೋಗಿ ತಾಯಿಯನ್ನು ಎದುರಿಸುತ್ತಾನೆ. ಆದರೆ ಜಪಾನಿನ ದಂಡಸಂಹಿತೆಯ 224ನೇ ವಿಧಿಯು ಅಪ್ರಾಪ್ತರನ್ನು ಪುಸಲಾಯಿಸಿ ಕರೆದೊಯ್ಯುವುದನ್ನೂ ಅಪಹರಣವೆಂದೇ ಎಣಿಸುತ್ತದೆ. ಹೀಗಾಗಿ ಸದುದ್ದೇಶವೊಂದೇ ಇಂತಹ ಆಶ್ರಯವನ್ನು ಸಮರ್ಥಿಸಲು ಸಾಲದು.

ಸಂದೇಹ: ಜೆ. ಡಿ. ಸಾಲಿಂಜರ್‌ನ 'ದಿ ಕ್ಯಾಚರ್ ಇನ್ ದಿ ರೈ' (1951) ಕೃತಿಯಲ್ಲಿ ಶಾಲೆ ಬಿಟ್ಟು ಅಲೆಯುವ ಹೋಲ್ಡನ್ ತನ್ನ ಹಳೆಯ ಅಧ್ಯಾಪಕ ಆಂಟೊಲಿನಿಯ ಮನೆಯಲ್ಲಿ ಮಲಗುತ್ತಾನೆ. ನಡುರಾತ್ರಿ ಎಚ್ಚರವಾದಾಗ ಆತ ತನ್ನ ತಲೆ ನೇವರಿಸುತ್ತಿರುವುದನ್ನು ಕಂಡು ಬೆದರಿ ಹೊರಡುತ್ತಾನೆ. ಬಳಿಕ ತಾನೇ ತಪ್ಪು ತಿಳಿದೆನೇ ಎಂದು ತೊಳಲುತ್ತಾನೆ. ಲೇಖಕ ಉತ್ತರ ಕೊಡುವುದಿಲ್ಲ.

ಭಾರತೀಯ ಸಂದರ್ಭ

ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' (1935) ಇಂಗ್ಲಿಷ್ ಕಾದಂಬರಿಯ ನಾಯಕ ಇನ್ನೂ ಹದಿಹರೆಯಕ್ಕೆ ಬಾರದ ಬಾಲಕ. ಶಾಲೆಯ ಶಿಕ್ಷೆಗೆ ಹೆದರಿ ಓಡಿದ ಸ್ವಾಮಿ ಮೆಂಪಿ ಕಾಡಿನ ದಾರಿಯಲ್ಲಿ ಕುಸಿದು ಬೀಳುತ್ತಾನೆ. ಗಾಡಿಯವನೊಬ್ಬನು ಅವನನ್ನು ಅರಣ್ಯಾಧಿಕಾರಿಯ ಬಳಿಗೆ ತಲುಪಿಸುತ್ತಾನೆ. ಅಧಿಕಾರಿ ಆರೈಕೆ ಮಾಡಿ ತಂದೆಗೆ ಸುದ್ದಿ ಮುಟ್ಟಿಸುತ್ತಾನೆ. ಇಲ್ಲಿ ಮನೆ ಅಪಾಯದ ಜಾಗವಲ್ಲವಾದ್ದರಿಂದ ಮರಳಿಸುವುದೇ ಉಪಕಾರ. ಈ ಕತೆಯು ಶಂಕರ್ ನಾಗ್ ನಿರ್ದೇಶಿಸಿ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಮೂಲಕ ಕನ್ನಡಿಗರಿಗೆ ಪರಿಚಿತವಾಗಿದೆ.

ಭಾರತದ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015 ಓಡಿಹೋದ ಮಗುವನ್ನು ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗುವೆಂದು ಪರಿಗಣಿಸುತ್ತದೆ. ಪರಿತ್ಯಕ್ತ, ಕಳೆದುಹೋದ ಅಥವಾ ಕುಟುಂಬದ ಆಸರೆಯಿಲ್ಲದ ಅನಾಥ ಮಗುವಿನಂತೆ ತೋರುವವರು ಸಿಕ್ಕಲ್ಲಿ 24 ಗಂಟೆಗಳೊಳಗೆ ಪೊಲೀಸರಿಗೆ, ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು, ತಿಳಿಸದಿರುವುದು ಶಿಕ್ಷಾರ್ಹ. ತಿಳಿಸುವುದೆಂದರೆ ಕೂಡಲೇ ಮನೆಗೆ ಕಳುಹಿಸುವುದೆಂದು ಅರ್ಥವಲ್ಲ. ಸಮಿತಿಯು ವಿಚಾರಣೆ ನಡೆಸಿ ಮಗುವಿನ ಹಿತಕ್ಕನುಗುಣವಾಗಿ ತೀರ್ಮಾನಿಸುತ್ತದೆ. ಕಾದಂಬರಿಗಳಲ್ಲಿ ಬೆಟ್ಸಿ ಟ್ರಾಟ್‌ವುಡ್‌ಳಂತಹ ಪಾತ್ರಗಳು ಒಂಟಿಯಾಗಿ ಹೊರುವ ಹೊಣೆಯನ್ನು ಈ ವ್ಯವಸ್ಥೆಯು ಸಮಾಜದ ಹೊಣೆಯನ್ನಾಗಿಸುತ್ತದೆ.

ಇವನ್ನೂ ನೋಡಿ

ಮಕ್ಕಳ ಹಕ್ಕುಗಳು
ಮಕ್ಕಳ ಕಲ್ಯಾಣ ಸಮಿತಿ
ಆರ್. ಕೆ. ನಾರಾಯಣ್
ಚಾರ್ಲ್ಸ್ ಡಿಕನ್ಸ್