ಹೃದಯದ ಕವಾಟ ಕೆಟ್ಟಾಗ: ಯಾರನ್ನು ಕೇಳಬೇಕು, ಏನು ಕೇಳಬೇಕು?

ಪಂಪ್‌ಸೆಟ್ಟಿನ ಫುಟ್ ವಾಲ್ವ್ ಸೋರತೊಡಗಿದರೆ ಏನಾಗುತ್ತದೆಂದು ನಮ್ಮ ಬೆಳೆಗಾರ ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ. ಮೋಟಾರು ತಿರುಗುತ್ತದೆ, ನೀರು ಮಾತ್ರ ಏರುವುದಿಲ್ಲ. ಹೃದಯದಲ್ಲಿಯೂ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ನಾಲ್ಕು ಕವಾಟಗಳಿವೆ. ಇವು ಸೋರಿದರೂ, ಬಿಗಿದುಕೊಂಡು ಸರಿಯಾಗಿ ತೆರೆಯದಿದ್ದರೂ ಹೃದಯ ಹೆಚ್ಚು ದುಡಿದು ಕ್ರಮೇಣ ಸೋಲುತ್ತದೆ.

ತೋಟದ ಏರು ಹತ್ತುವಾಗ ಮೊದಲಿಲ್ಲದ ಏದುಸಿರು, ಎದೆ ಡವಗುಟ್ಟುವಿಕೆ, ಪಾದದ ಊತ, ಮಲಗಿದರೆ ಉಸಿರು ಕಟ್ಟುವುದು ಇದರ ಲಕ್ಷಣಗಳು. ನಿಶ್ಶಕ್ತಿಯೆಂದು ಟಾನಿಕ್ ಕುಡಿಯುತ್ತಾ ಕಾಲ ಕಳೆಯಬಾರದು. ಗರ್ಭಿಣಿಯರಲ್ಲಿ ಎಷ್ಟೋ ವೇಳೆ ಈ ರೋಗ ಮೊದಲ ಬಾರಿಗೆ ಬಯಲಾಗುತ್ತದೆ.

ವಯಸ್ಸಾದವರಲ್ಲಿ ಕವಾಟ ಸವೆದು ಗಡುಸಾಗುವುದುಂಟು. ಆದರೆ ನಮ್ಮ ದೇಶದಲ್ಲಿ ಎಳೆಯರ ಕವಾಟ ಕೆಡುವುದಕ್ಕೆ ಮುಖ್ಯ ಕಾರಣ ಸಂಧಿವಾತ ಜ್ವರ. 5ರಿಂದ 15 ವರ್ಷದ ಮಕ್ಕಳಿಗೆ ಗಂಟಲು ನೋವು ಬಂದು, ಕೆಲವು ವಾರಗಳ ನಂತರ ಜ್ವರದೊಡನೆ ಕೀಲುಗಳು ಒಂದಾದ ಮೇಲೊಂದು ಊದಿಕೊಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಜನ ಒತ್ತೊತ್ತಾಗಿ ವಾಸಿಸುವಲ್ಲಿ ಇದು ಹೆಚ್ಚು. ಆದ್ದರಿಂದ ಕೂಲಿ ಲೈನುಗಳ ಮಕ್ಕಳ ಮೇಲೂ ನಮ್ಮ ಗಮನವಿರಲಿ. ಒಮ್ಮೆ ಈ ಜ್ವರ ಬಂದವರಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕಾಗುತ್ತದೆ. ಕೊಯ್ಲಿನ ಗಡಿಬಿಡಿಯೆಂದು ಅದನ್ನು ತಪ್ಪಿಸಬಾರದು.

ಮೊದಲ ಮಾಹಿತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಸಿಗುತ್ತದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಅಸಹಜ ಸದ್ದು ಕೇಳಿದರೆ ವೈದ್ಯರು ಎಕೋ ಪರೀಕ್ಷೆಗೆ ಕಳುಹಿಸುತ್ತಾರೆ. ಬೆಂಗಳೂರು, ಮೈಸೂರು ಮತ್ತು ಕಲಬುರಗಿಗಳಲ್ಲಿ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳಿವೆ. ಅಲ್ಲಿಗೆ ಹೋಗುವಾಗ ಹಳೆಯ ಚೀಟಿಗಳನ್ನೆಲ್ಲಾ ಒಯ್ಯಿರಿ. ಯಾವ ಕವಾಟ ಕೆಟ್ಟಿದೆ, ಬಲೂನಿನಿಂದ ಹಿಗ್ಗಿಸಲು ಸಾಧ್ಯವೇ, ರಿಪೇರಿ ಸಾಕೇ, ಬದಲಿಸಬೇಕೇ, ಬದಲಿಸಿದರೆ ಲೋಹದ್ದೋ ಪ್ರಾಣಿಜನ್ಯವೋ ಎಂಬ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿರಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ದೇಶೀಯ ಕವಾಟವನ್ನು 1990ರಿಂದ ರೋಗಿಗಳಿಗೆ ಜೋಡಿಸಲಾಗುತ್ತಿದೆ.

ಇನ್ನು ಹಣದ ಮಾತು. ಸಹಕಾರಿ ಸದಸ್ಯರಿಗೆಂದು 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತಿದ್ದ ಯಶಸ್ವಿನಿ ಯೋಜನೆ 2022ರಲ್ಲಿ ಮತ್ತೆ ಜಾರಿಗೆ ಬಂದಿತು. ನೋಂದಣಿಗೆ ಗಡುವಿರುತ್ತದೆ, ಕಾಯಿಲೆ ಬಂದ ಮೇಲೆ ಓಡಾಡುವ ಬದಲು ಈಗಲೇ ಸಂಘದ ಕಛೇರಿಯಲ್ಲಿ ವಿಚಾರಿಸಿರಿ. ಪಡಿತರ ಚೀಟಿ ಮತ್ತು ಆಧಾರ್ ತೋರಿಸಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೆರವನ್ನೂ ಆಸ್ಪತ್ರೆಯಲ್ಲಿ ಕೇಳಬಹುದು.

ಲೋಹದ ಕವಾಟ ಜೋಡಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅದೇ ಬಗೆಯ ಮಾತ್ರೆಯನ್ನು ಜೀವನಪೂರ್ತಿ ಸೇವಿಸಬೇಕು, ಐ.ಎನ್.ಆರ್. ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಸೊಪ್ಪು ತರಕಾರಿ ಬಿಡಬೇಕಾಗಿಲ್ಲ, ಪ್ರಮಾಣ ಮಾತ್ರ ದಿನದಿನವೂ ಒಂದೇ ಸಮನಾಗಿರಲಿ. ನೋವಿನ ಮಾತ್ರೆಯಾಗಲಿ ನಾಟಿ ಔಷಧಿಯಾಗಲಿ ವೈದ್ಯರನ್ನು ಕೇಳದೆ ಬೇಡ. ಇಂಬಳ ಕಚ್ಚಿದರೂ ರಕ್ತ ಬೇಗ ನಿಲ್ಲದು. ಮರ ಹತ್ತುವ, ಮರಗಸಿ ಮಾಡುವ ಕೆಲಸ ಇವರಿಗೆ ಸಲ್ಲದು. ಹಲ್ಲು ಕೀಳಿಸುವ ಮುನ್ನ ಕವಾಟದ ವಿಷಯ ತಿಳಿಸಬೇಕು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಮೊದಲೇ ಹೃದಯ ವೈದ್ಯರನ್ನು ಕಾಣಬೇಕು.

ಶಸ್ತ್ರಚಿಕಿತ್ಸೆಯ ಹೆಸರು ಕೇಳಿಯೇ ಧೈರ್ಯಗುಂದುವವರಿಗೆ, ಅದನ್ನು ದಾಟಿ ಬಂದವರ ಮಾತು ದೊಡ್ಡ ಆಸರೆ. ಅಂಥವರನ್ನು ಭೇಟಿ ಮಾಡಿಸುವಂತೆ ಆಸ್ಪತ್ರೆಯಲ್ಲಿ ಕೇಳಲು ಸಂಕೋಚ ಬೇಡ. ನಮ್ಮ ಸದಸ್ಯರಲ್ಲಿ ಗುಣ ಹೊಂದಿದವರಿದ್ದರೆ ನೆರೆಯವರಿಗೆ ನಾಲ್ಕು ಮಾತು ಹೇಳಲಿ. ಅನುಭವವನ್ನು ಹಂಚಿಕೊಳ್ಳೋಣ, ಮಾತ್ರೆಗಳನ್ನಲ್ಲ.