ಕೇಪಿನ ಕೋವಿಗೆ ಉಳಿದಿರುವ ಕೆಲಸ

ಸುಳ್ಯ ತಾಲೂಕಿನ ಪಂಜದ ಆಸುಪಾಸಿನಲ್ಲಿ ಅಡಕೆಯ ತೋಟಕ್ಕೂ ಕಾಡಿಗೂ ನಡುವೆ ಎಷ್ಟೋ ಕಡೆ ಬೇಲಿಯೊಂದೇ ಅಂತರ. ಇರುಳು ಕಾಡುಹಂದಿಯ ಕಾಟ. ಹಗಲು ಮಂಗಗಳ ಹಾವಳಿ. ಇವುಗಳಿಗೆ ಎದುರಾಗಿ ಕೃಷಿಕನು ನೆಚ್ಚಿಕೊಂಡು ಬಂದ ಆಯುಧವೇ ಕೇಪಿನ ಕೋವಿ.

ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೊನೆಗೆ ಕೇಪು ಕೂರಿಸಬೇಕು. ಅಷ್ಟರಲ್ಲಿ ಮಂಗಗಳು ಪಕ್ಕದ ತೋಟವನ್ನು ಸೇರಿರುತ್ತವೆ! ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದರೆ ಈಡು ಹಾರುವುದೇ ಇಲ್ಲ. ತೋಟಾ ತುಂಬುವ ಕೋವಿಗೆ ಈ ತೊಡಕುಗಳು ಕಡಿಮೆ. ಆದರೂ 1959ರ ಆಯುಧ ಕಾಯಿದೆಯು ಬೆಳೆ ರಕ್ಷಣೆಗೆಂದು ಮೊದಲು ಹೆಸರಿಸಿರುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನೇ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆಯದಕ್ಕೂ ಪರವಾನಗಿ ದೊರೆಯಬಹುದು.

ಅಮೆರಿಕದ ಹಲವು ರಾಜ್ಯಗಳಲ್ಲಿ ಇಂತಹ ಕೋವಿಗಳಿಗೆಂದೇ ಪ್ರತ್ಯೇಕ ಬೇಟೆಯ ಋತುವುಂಟು. 1985ರಲ್ಲಿ ಟೋನಿ ನೈಟ್ ಎಂಬಾತನು ಸುಧಾರಿತ ಮಾದರಿಯೊಂದನ್ನು ತಂದ ಮೇಲೆ, ಆ ಋತುವಿನಲ್ಲಿ ಹೊಸದು ಸಲ್ಲುವುದೇ ಎಂಬ ವಾದ ಅಲ್ಲಿ ಬೆಳೆಯಿತು. ನಮ್ಮಲ್ಲಿ ಆ ವಾದಕ್ಕೆ ಎಡೆಯಿಲ್ಲ. 1972ರ ವನ್ಯಜೀವಿ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ಬೇಟೆಯ ಋತುವನ್ನೇ ಮುಗಿಸಿವೆ. ಕೋವಿಯ ಪರವಾನಗಿಯು ಕೊಲ್ಲುವ ಪರವಾನಗಿಯಲ್ಲ. ಬೆಳೆ ಹಾಳುಮಾಡುವ ಹಂದಿಗೆ ಗುರಿಯಿಡಲೂ ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಬೇಕು.

ಇನ್ನು ಚುನಾವಣೆ ಬಂದಿತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸುವ ವಾಡಿಕೆ ಬೇರೆ. ಮಂಗಗಳಿಗೆ ಯಾವ ನೀತಿಸಂಹಿತೆಯೂ ಅನ್ವಯಿಸುವುದಿಲ್ಲವಷ್ಟೆ!

ಹೀಗಾಗಿ ಕೇಪಿನ ಕೋವಿಗೆ ಉಳಿದಿರುವ ಕೆಲಸವೆಂದರೆ ಸದ್ದು ಮಾಡಿ ಬೆದರಿಸುವುದು. ಆ ಒಂದು ಸದ್ದಿನಿಂದ ಮೃಗದ ಪ್ರಾಣವೂ ಕೃಷಿಕನ ವರ್ಷದ ಅನ್ನವೂ ಉಳಿಯುವುದಾದರೆ, ಹಳೆಯ ಕೋವಿಗೆ ಅದಕ್ಕಿಂತ ದೊಡ್ಡ ಬೇಟೆ ಬೇಕಿಲ್ಲ.