ಕೋಟೆ ಅದೇ, ಕಾವಲು ಹೊಸದು

2025ರ ಅಕ್ಟೋಬರ್ 14 ಕಳೆದು ಮರುದಿನ ಬೆಳಗಾದಾಗ ಜಗತ್ತಿನ ಕೋಟ್ಯಂತರ ಕಂಪ್ಯೂಟರ್‌ಗಳು ಎಂದಿನಂತೆಯೇ ಚಾಲೂ ಆದವು. ಪರದೆ ಬೆಳಗಿತು, ಕಡತಗಳು ತೆರೆದುಕೊಂಡವು, ಪ್ರಿಂಟರ್ ಕಾಗದ ಹೊರಹಾಕಿತು. ಯಾವುದೂ ಕೆಟ್ಟಿರಲಿಲ್ಲ. ಆದರೂ ಅವುಗಳ ಪಾಲಿಗೆ ಒಂದು ಮುಖ್ಯ ಸಂಗತಿ ಬದಲಾಗಿತ್ತು. ‘ವಿಂಡೋಸ್ 10’ ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪೆನಿ 2015ರಿಂದ ಕೊಡುತ್ತಾ ಬಂದಿದ್ದ ಸಾಮಾನ್ಯ ರಕ್ಷಣೆಯ ಅವಧಿ ಮುಗಿದುಹೋಗಿತ್ತು.

ಕಾರ್ಯಾಚರಣೆ ವ್ಯವಸ್ಥೆ ಎಂದರೇನು? ಶಾಲೆಯಲ್ಲಿ ಪಾಠ ಹೇಳುವವರು ಬೇರೆ. ಯಾವ ತರಗತಿ ಯಾವ ಕೋಣೆಯಲ್ಲಿ, ಯಾವ ಗಂಟೆಗೆ ಎಂದು ಗೊತ್ತುಪಡಿಸುವವರು ಬೇರೆ. ಕಂಪ್ಯೂಟರಿನಲ್ಲಿ ಪತ್ರ ಬರೆಯುವ, ಲೆಕ್ಕ ಮಾಡುವ, ಚಿತ್ರ ತೋರಿಸುವ ತಂತ್ರಾಂಶಗಳು ಪಾಠ ಹೇಳುವವರಿದ್ದಂತೆ. ಅವಕ್ಕೆಲ್ಲ ಜಾಗ, ಸಮಯ, ಕೀಲಿಮಣೆ, ಪರದೆಗಳನ್ನು ಹಂಚಿಕೊಟ್ಟು, ಹೊರಗಿನವರು ನುಗ್ಗದಂತೆ ಬಾಗಿಲು ಕಾಯುವುದು ಕಾರ್ಯಾಚರಣೆ ವ್ಯವಸ್ಥೆ. ವಿಂಡೋಸ್ ಅಂಥದೊಂದು, ಲಿನಕ್ಸ್ ಮತ್ತೊಂದು, ಮೊಬೈಲ್ ಫೋನಿನ ಆಂಡ್ರಾಯ್ಡ್ ಇನ್ನೊಂದು.

ಮಣ್ಣಿನ ಗೋಡೆ, ಕಲ್ಲಿನ ಗೋಡೆ

ಬಾಗಿಲು ಕಾಯುವ ಈ ಕೆಲಸ ಕಾಲಕಾಲಕ್ಕೆ ಏಕೆ ಬದಲಾಗಬೇಕು ಎಂಬುದನ್ನು ತಿಳಿಯಲು ದೇವನಹಳ್ಳಿ ತಾಲ್ಲೂಕಿನ ಆವತಿಯ ಜನ ದೂರ ಹೋಗಬೇಕಿಲ್ಲ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಪೂರ್ವಜರು ನೆಲೆ ನಿಂತ ಊರು ಅದು. ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡರು 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದರು. ಹದಿನೆಂಟನೆಯ ಶತಮಾನ ಫಿರಂಗಿಗಳ ಕಾಲ. ಆಗ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್ ಅದೇ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದರು. ಒಳಗಿನ ಊರು ಅದೇ. ಹೊರಗಿನ ಅಪಾಯ ಬದಲಾಯಿತು, ಅದಕ್ಕೆ ತಕ್ಕಂತೆ ಗೋಡೆಯೂ ಬದಲಾಯಿತು.

ಕಂಪ್ಯೂಟರಿನ ಗೋಡೆಯಲ್ಲೂ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಕೋಟ್ಯಂತರ ಸಾಲುಗಳ ತಂತ್ರಾಂಶದಲ್ಲಿ ತಪ್ಪುಗಳು ಉಳಿದೇ ಇರುತ್ತವೆ. ಒಂದೊಂದು ಪತ್ತೆಯಾದಂತೆ ಕಂಪೆನಿ ಅದಕ್ಕೆ ತೇಪೆ ಹಾಕುತ್ತದೆ. ಮೈಕ್ರೋಸಾಫ್ಟ್ ಈ ತೇಪೆಗಳನ್ನು ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಹಂಚುತ್ತದೆ. ‘ಅವಧಿ ಮುಗಿಯಿತು’ ಎಂದರೆ ತೇಪೆ ಬರುವುದು ನಿಂತಿತು ಎಂದು ಅರ್ಥವೇ ಹೊರತು ಕೋಟೆ ಕುಸಿಯಿತು ಎಂದಲ್ಲ. ಆದರೆ ಮುಂದೆ ಪತ್ತೆಯಾಗುವ ಬಿರುಕು ಬಿರುಕಾಗಿಯೇ ಉಳಿಯುತ್ತದೆ.

ತೇಪೆ ಹಾಕಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ಮೇ ತಿಂಗಳ ‘ವಾನ್ನಾಕ್ರೈ’ ಹಾವಳಿ ಸಾಕ್ಷಿ. ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳುವ ಆ ದುಷ್ಟ ತಂತ್ರಾಂಶ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ಹಿಡಿಯಿತು. ಅದು ನುಸುಳಿದ ಬಿರುಕಿಗೆ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ತೇಪೆ ಬಂದಿತ್ತು! ಹಾಕಿಸಿಕೊಳ್ಳದವರು ಸಿಕ್ಕಿಬಿದ್ದರು.

ಹಾಗೆಂದು ಹೊಸದೆಲ್ಲ ಕ್ಷೇಮ ಎನ್ನುವಂತೆಯೂ ಇಲ್ಲ. 2024ರ ಜುಲೈ 19ರಂದು ‘ಕ್ರೌಡ್‌ಸ್ಟ್ರೈಕ್’ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ದೋಷಯುಕ್ತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಆವತಿಗೆ ಹೆಚ್ಚು ದೂರವಿಲ್ಲದ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲೂ ಅಂದು ಕೆಲವು ವಿಮಾನ ಸಂಸ್ಥೆಗಳು ಪ್ರಯಾಣಿಕರ ತಪಾಸಣೆಯನ್ನು ಕೈಬರಹದಲ್ಲೇ ನಡೆಸಬೇಕಾಯಿತು. ಮೊದಲನೆಯ ಘಟನೆ ಅಲಕ್ಷ್ಯದ ಪಾಠವಾದರೆ, ಎರಡನೆಯದು ಬದಲಾವಣೆಗೆ ಮುನ್ನ ಸಿದ್ಧತೆ ಬೇಕೆನ್ನುವ ಪಾಠ.

‘ಆನ್ ಆಗ್ತದಲ್ಲ, ಇನ್ನೇನು ಹಳೇದು?’

ಆವತಿಯಲ್ಲೋ ವಿಜಯಪುರದಲ್ಲೋ ಒಂದು ಮನೆ ಎಂದುಕೊಳ್ಳಿ. ಹಿರಿಯ ಮಗಳು ಪಿಯುಸಿಗೆ ಸೇರಿದಾಗ, 2016ರಲ್ಲಿ, ಕೊಂಡ ಕಂಪ್ಯೂಟರ್. ಈಗ ಅದರ ಮುಂದೆ ಎಸ್ಸೆಸ್ಸೆಲ್ಸಿಯ ಮಗ ಕೂರುತ್ತಾನೆ. ಒಂದು ದಿನ ಪರದೆಯ ಮೇಲೆ, ಈ ಯಂತ್ರ ವಿಂಡೋಸ್ 11ಕ್ಕೆ ಅರ್ಹವಲ್ಲ ಎಂಬ ಸೂಚನೆ ಮೂಡುತ್ತದೆ.

“ಅಪ್ಪಾ, ಇದು ಹಳೇದಾಯ್ತಂತೆ. ಹೊಸಾದು ತಗೊಳ್ಳೋಣ.”

“ಆನ್ ಮಾಡಿದ್ರೆ ಆಗ್ತದಲ್ಲ, ಇನ್ನೇನು ಹಳೇದು?”

ಇಬ್ಬರ ಮಾತಿನಲ್ಲೂ ಸತ್ಯವಿದೆ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಕೆಲವು ಷರತ್ತುಗಳನ್ನು ಹಾಕಿತು. ಕನಿಷ್ಠ 4 ಜಿಬಿ ಸ್ಮರಣೆ, 64 ಜಿಬಿ ಸಂಗ್ರಹ ಜಾಗ ಬೇಕು. ಅದು ಕಷ್ಟವಲ್ಲ. ಪ್ರೊಸೆಸರ್ ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದು ಅಥವಾ ಅದರ ನಂತರದ್ದಾಗಿರಬೇಕು. ಅಂಥವು ಬಂದದ್ದು 2017ರಿಂದೀಚೆಗೆ. ಜೊತೆಗೆ ‘ಟಿಪಿಎಂ 2.0’ ಎಂಬ ಭದ್ರತಾ ಘಟಕ ಇರಬೇಕು. ಗುಪ್ತ ಸಂಕೇತಗಳ ಕೀಲಿಗಳನ್ನು ಬೇರೆಯಾಗಿ ಕಾಪಾಡುವ ಸಣ್ಣ ಪೆಟ್ಟಿಗೆ ಇದು ಎನ್ನಬಹುದು. ಕೆಲವು ಯಂತ್ರಗಳಲ್ಲಿ ಈ ಘಟಕ ಇದ್ದೂ ಮಲಗಿರುತ್ತದೆ. ಬಲ್ಲವರು ಅದನ್ನು ಎಚ್ಚರಿಸಬಲ್ಲರು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶ ಯಂತ್ರವನ್ನು ಪರೀಕ್ಷಿಸಿ ಯಾವ ಷರತ್ತು ಪೂರೈಸಿದೆ, ಯಾವುದು ಇಲ್ಲ ಎಂದು ಹೇಳುತ್ತದೆ. ಅರ್ಹ ಯಂತ್ರಕ್ಕೆ ಮೇಲ್ದರ್ಜೆ ಉಚಿತ.

ಅನರ್ಹವಾದ ಯಂತ್ರಗಳ ಗತಿ? ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲಿ ಮಾಡಿದ ಅಂದಾಜಿನಂತೆ ಈ ಬದಲಾವಣೆಯಿಂದ 24 ಕೋಟಿ ಕಂಪ್ಯೂಟರ್‌ಗಳು ಕಸದ ಪಾಲಾಗಬಹುದಿತ್ತು. ಅವುಗಳಲ್ಲಿ ಬಹುಪಾಲು ಯಂತ್ರಗಳು ಇನ್ನೂ ದುಡಿಯಬಲ್ಲವು. ಆದ್ದರಿಂದ ‘ಹೊಸದು ಕೊಳ್ಳಬೇಕೇ?’ ಎನ್ನುವುದಕ್ಕೆ ಮೊದಲು ‘ಇದರೊಳಗೆ ಏನಿದೆ?’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಅಕ್ಷರ ಮಾಯವಾದೀತೇ?

ಆ ಮನೆಯ ಕಂಪ್ಯೂಟರಿನಲ್ಲಿ ಏನೇನಿರಬಹುದು? ಮದುವೆಯ ಫೋಟೊಗಳು, ಅಂಕಪಟ್ಟಿಯ ಪ್ರತಿ, ಪಹಣಿ, ರೇಷ್ಮೆಗೂಡಿನ ಲೆಕ್ಕ, ಅಜ್ಜ ಹೇಳಿ ಮೊಮ್ಮಗಳು ಟೈಪ್ ಮಾಡಿದ ಊರಿನ ಕಥೆ. ಕೊನೆಯದು ‘ನುಡಿ’ ಅಥವಾ ‘ಬರಹ’ದ ಹಳೆಯ ಫಾಂಟಿನಲ್ಲಿದ್ದರೆ ಕನ್ನಡಿಗರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಕನ್ನಡಕ್ಕೆ ತನ್ನದೇ ಸಂಖ್ಯೆಗಳು ಬಳಕೆಗೆ ಬರುವ ಮೊದಲು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದರು. ಹಾಗೆ ಬರೆದ ‘ಕ’, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಓರೆಗೆರೆಯುಳ್ಳ ‘ಎ’ ಆಗಿ ಕಾಣುತ್ತದೆ. ಕಡತ ಕೆಟ್ಟಿರುವುದಿಲ್ಲ, ವೇಷ ತೊಡಿಸುವ ಫಾಂಟ್ ಮಾತ್ರ ಇರುವುದಿಲ್ಲ. ಹೊಸ ಯಂತ್ರಕ್ಕೆ ಹೋದವರು ಇದನ್ನರಿಯದೆ ‘ಎಲ್ಲ ಹಾಳಾಯಿತು’ ಎಂದು ಕಡತವನ್ನೇ ಅಳಿಸಿಬಿಟ್ಟರೆ ಅದಕ್ಕಿಂತ ನಷ್ಟ ಬೇರಿಲ್ಲ.

1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಪದ್ಧತಿ ಜಗತ್ತಿನ ಲಿಪಿಗಳಿಗೆ ಬೇರೆ ಬೇರೆ ಸಂಖ್ಯೆಗಳನ್ನು ಗೊತ್ತುಮಾಡಿತು. ಕನ್ನಡಕ್ಕೆ ಮೀಸಲಾದುದು 3200ರಿಂದ 3327ರವರೆಗಿನ 128 ಮನೆಗಳು. ‘ಅ’ 3205ರಲ್ಲಿದೆ, ‘ಕ’ 3221ರಲ್ಲಿದೆ. ಯೂನಿಕೋಡ್‌ನಲ್ಲಿ ಬರೆದದ್ದನ್ನು ವಿಂಡೋಸ್, ಲಿನಕ್ಸ್, ಮೊಬೈಲ್ ಎಲ್ಲವೂ ಕನ್ನಡವೆಂದೇ ಓದುತ್ತವೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಇಂಥ ಕನ್ನಡಕ್ಕಾಗಿ ‘ತುಂಗಾ’ ಎಂಬ ಫಾಂಟೇ ಬಂದಿತ್ತು.

ಹಳೆಯ ಬರಹವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ನುಡಿ, ಬರಹ ಎರಡರಲ್ಲೂ ಇವೆ. ಹಳೆಯ ಯಂತ್ರ ಸರಿಯಾಗಿ ಓಡುತ್ತಿರುವಾಗಲೇ ಈ ಕೆಲಸ ಮಾಡಿ ಮುಗಿಸಬೇಕು. ಪರಿವರ್ತಿಸಿದ ಪುಟವನ್ನು ಮೂಲದೊಂದಿಗೆ ಹೋಲಿಸಿ ಓದಬೇಕು. ಒತ್ತಕ್ಷರ, ಅರ್ಕಾವತ್ತುಗಳನ್ನು ವಿಶೇಷವಾಗಿ ಗಮನಿಸಬೇಕು. ಮೂಲ ಕಡತವನ್ನೂ ಉಳಿಸಿಕೊಳ್ಳಬೇಕು.

ಹೊಸ ಮನೆಯ ಮೊದಲ ನೋಟ

ವಿಂಡೋಸ್ 11ಕ್ಕೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಎಡಮೂಲೆಯಲ್ಲಿದ್ದ ‘ಸ್ಟಾರ್ಟ್’ ಗುಂಡಿ ನಡುವಿಗೆ ಬಂದಿರುವುದು. ವರ್ಷಗಟ್ಟಲೆ ಮೂಲೆಗೆ ಹೋಗಿ ರೂಢಿಯಾದ ಕೈ ಕೆಲವು ದಿನ ತಡಕಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟಾಸ್ಕ್‌ಬಾರ್‌ನ ಆಯ್ಕೆಗೆ ಹೋಗಿ ಅದನ್ನು ಮತ್ತೆ ಎಡಕ್ಕೆ ತರಬಹುದು. ಕಿಟಕಿಗಳ ಅಂಚು ದುಂಡಾಗಿದೆ. ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿ ಚಿಕ್ಕದಾಗಿದೆ. ಇವೆಲ್ಲ ವಾರದಲ್ಲಿ ಒಗ್ಗಿಹೋಗುವ ಸಂಗತಿಗಳು.

ಪೋಷಕರು ಗಮನಿಸಬೇಕಾದ್ದು ಬೇರೆಯೇ ಇದೆ. ‘ಹೋಮ್’ ಆವೃತ್ತಿಯನ್ನು ಹೊಸದಾಗಿ ಅಣಿಗೊಳಿಸುವಾಗ ಇಂಟರ್‌ನೆಟ್ ಸಂಪರ್ಕ ಮತ್ತು ಮೈಕ್ರೋಸಾಫ್ಟ್ ಖಾತೆಯನ್ನು ಅದು ಕೇಳುತ್ತದೆ. ಆ ಖಾತೆಯ ಗುಪ್ತಪದವನ್ನು ಮಗನೊಬ್ಬನೇ ಬಲ್ಲ ಎಂಬಂತಾಗಬಾರದು. ಹೊಸ ಯಂತ್ರಗಳಲ್ಲಿ ಡಿಸ್ಕಿನ ಮಾಹಿತಿಯೆಲ್ಲ ತಾನಾಗಿಯೇ ಗೂಢಲಿಪಿಗೆ ಬದಲಾಗಿರಬಹುದು. ಕಳ್ಳನ ಕೈಗೆ ಸಿಕ್ಕರೂ ಓದಲಾಗದು ಎಂಬುದು ಲಾಭ. ಆದರೆ ಯಂತ್ರ ಕೆಟ್ಟು ರಿಪೇರಿಗೆ ಹೋದಾಗ 48 ಅಂಕಿಗಳ ಒಂದು ಕೀಲಿ ಕೇಳೀತು. ಕೀಲಿ ಕಳೆದುಕೊಂಡರೆ ಮನೆಯವರಿಗೂ ಬಾಗಿಲು ತೆರೆಯದು! ಅದು ಖಾತೆಯಲ್ಲಿ ಉಳಿದಿರುತ್ತದೆ. ಒಂದು ಕಾಗದದಲ್ಲಿ ಬರೆದು ಮನೆಯ ಪತ್ರಗಳೊಡನೆ ಇಡುವುದು ಜಾಣತನ.

ಬೇರೆ ದಾರಿಗಳು

ಯಂತ್ರ ಅನರ್ಹ, ಹೊಸದಕ್ಕೆ ಹಣವಿಲ್ಲ ಎಂದಾದರೆ? ಮನೆ ಬಳಕೆಯ ವಿಂಡೋಸ್ 10ಕ್ಕೆ ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆ ಕೊಡುವುದಾಗಿ ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿತು. ಖಾತೆಯ ಮೂಲಕ ಸೆಟ್ಟಿಂಗ್‌ಗಳ ಪ್ರತಿ ಇಡಲು ಒಪ್ಪಿದವರಿಗೆ ಅದು ಉಚಿತ, ಇಲ್ಲದಿದ್ದರೆ 30 ಡಾಲರ್ ಎಂದಿತು. ಇದು ವಾಯಿದೆಯೇ ಹೊರತು ಪರಿಹಾರವಲ್ಲ.

ಇನ್ನೊಂದು ದಾರಿ ಲಿನಕ್ಸ್. ಫಿನ್‌ಲೆಂಡಿನ ಲೀನಸ್ ಟೋರ್‌ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ ಇದು ಉಚಿತ. ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು. ಉಬುಂಟು, ಲಿನಕ್ಸ್ ಮಿಂಟ್ ಇದರ ಜನಪ್ರಿಯ ರೂಪಗಳು. 4 ಜಿಬಿ ಸ್ಮರಣೆಯ ಹಳೆಯ ಯಂತ್ರದಲ್ಲೂ ಮಿಂಟ್ ಓಡುತ್ತದೆ. ಕನ್ನಡದ ಮಕ್ಕಳಿಗೆ ಇದು ಅಪರಿಚಿತವೂ ಅಲ್ಲ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಶಿಕ್ಷಣ ನಡೆಯುವುದು ಲಿನಕ್ಸ್‌ನಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳೂ ಅದರಲ್ಲೇ ಕಲಿಯುತ್ತಾರೆ. ನುಡಿಯಲ್ಲಿ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನಲ್ಲಿ ಸಿಗುತ್ತದೆ. ಆದರೆ ವಿಂಡೋಸ್‌ಗೆಂದೇ ಮಾಡಿದ ಟ್ಯಾಲಿಯಂಥ ತಂತ್ರಾಂಶಗಳು ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಮನೆಯ ಪ್ರಿಂಟರ್ ಹೊಂದುತ್ತದೆಯೇ ಎಂದೂ ನೋಡಿಕೊಳ್ಳಬೇಕು. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡುವ ಸೌಕರ್ಯವಿದೆ. ಡಿಸ್ಕನ್ನು ಮುಟ್ಟದೆ ಎರಡು ದಿನ ಬಳಸಿ ನೋಡಿ ಆಮೇಲೆ ನಿರ್ಧರಿಸಬಹುದು.

ಮೊದಲು ಮಾಡಬೇಕಾದ್ದು

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ: ಮುಖ್ಯ ಕಡತಗಳ ಎರಡು ಪ್ರತಿ ಮಾಡಿ ಎರಡು ಬೇರೆ ಕಡೆ ಇಡುವುದು. ಪ್ರತಿ ಮಾಡಿದರಷ್ಟೇ ಸಾಲದು. ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನಂಬುವಂತಿಲ್ಲ.

ಮೇಲ್ದರ್ಜೆಗೆ 4-5 ಜಿಬಿಯಷ್ಟು ಮಾಹಿತಿ ಇಳಿಸಬೇಕಾದೀತು. ಮೊಬೈಲಿನ ದಿನದ ಡೇಟಾ ಅದಕ್ಕೆ ಸಾಲದೆ ಹೋಗಬಹುದು. ನಡುವೆ ಕರೆಂಟ್ ಹೋದರೆ ತೊಂದರೆ. ಯುಪಿಎಸ್ ಇರುವ ಕಡೆ, ಬಿಡುವಿನ ದಿನ ಈ ಕೆಲಸ ಹಚ್ಚಿಕೊಳ್ಳಬೇಕು. ಪರೀಕ್ಷೆಯ ಅಥವಾ ಪ್ರಾಜೆಕ್ಟ್ ಒಪ್ಪಿಸುವ ಮುನ್ನಾದಿನ ಖಂಡಿತ ಬೇಡ. ವಿಂಡೋಸ್ 10ರಿಂದ 11ಕ್ಕೆ ಹೋದ ಮೇಲೆ ಒಗ್ಗದಿದ್ದರೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಹಿಂದಿರುಗುವ ಅವಕಾಶವಿದೆ. ಆ ಹತ್ತು ದಿನಗಳಲ್ಲೇ ಪ್ರಿಂಟರ್, ಕನ್ನಡ ಟೈಪಿಂಗ್, ಮಕ್ಕಳ ಪಾಠದ ತಂತ್ರಾಂಶ ಎಲ್ಲವನ್ನೂ ಪರೀಕ್ಷಿಸಿ ನೋಡಬೇಕು.

‘ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ಸರಿಪಡಿಸುತ್ತೇವೆ’ ಎಂದು ತಾವಾಗಿ ಫೋನ್ ಮಾಡುವವರನ್ನು ನಂಬಬಾರದು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅಗ್ಗವೆಂದು ಕದ್ದ ಪ್ರತಿ ಹಾಕಿಸಿಕೊಳ್ಳುವುದೂ ಸಲ್ಲ. ಅದರೊಳಗೆ ಏನನ್ನು ಸೇರಿಸಿದ್ದಾರೋ ಬಲ್ಲವರಾರು?

ಹಳೆಯ ಯಂತ್ರಕ್ಕೆ ಯಾವ ತೇಪೆಯೂ ಸಿಗದೆಹೋದರೆ ಇಂಟರ್‌ನೆಟ್ ಸಂಪರ್ಕ ತೆಗೆದು ಟೈಪಿಂಗ್ ಕಲಿಯಲು, ಲೆಕ್ಕ ಬರೆಯಲು ಬಳಸಬಹುದು. ಬ್ಯಾಂಕಿನ ವ್ಯವಹಾರ ಮಾತ್ರ ಅದರಲ್ಲಿ ಬೇಡ. ಇದನ್ನೆಲ್ಲ ಅಂಗಡಿಯವರೊಬ್ಬರ ಮೇಲೆ ಬಿಡದೆ ಒಂದು ಭಾನುವಾರ ಮಕ್ಕಳು, ತಂದೆತಾಯಿ ಒಟ್ಟಿಗೆ ಕೂತು, ಯಂತ್ರದಲ್ಲಿ ಕಳೆದುಹೋಗಬಾರದ್ದು ಏನೇನಿದೆ ಎಂದು ಪಟ್ಟಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಯಾವ ಕಡತ ಎಲ್ಲಿದೆ ಎಂದು ಮಕ್ಕಳಿಗೆ ಗೊತ್ತಿರುತ್ತದೆ. ಯಾವುದು ಕಳೆದರೆ ಮತ್ತೆ ಸಿಗದು ಎಂದು ಹಿರಿಯರಿಗೆ ಗೊತ್ತಿರುತ್ತದೆ.